ಕ್ಯಾಮೆರಾದ ಎಡಕ್ಕೆ ಕೂತವರು

೧೪ ಜನವರಿ ೨೦೦೨, ಸೋಮವಾರ. ಸ್ಕೋಕಿ, ಷಿಕಾಗೋ

ಕೆಲಸ ಹೋಗಿ ಇವತ್ತಿಗೆ ಒಂಬತ್ತು ವಾರ. ಹದಿನೇಳು ವರ್ಷ ಓಹೇರ್ ವಿಮಾನ ನಿಲ್ದಾಣದ ಪಕ್ಕದ ಸರಕು ಕಚೇರಿಯಲ್ಲಿ ಏರ್‌ವೇ ಬಿಲ್, ಅಂದರೆ ವಿಮಾನ ಸರಕಿನ ಪಟ್ಟಿ, ತಪಾಸಣೆ ಮಾಡಿದೆ. ಪಟ್ಟಿಯಲ್ಲಿರುವುದು ಪೆಟ್ಟಿಗೆಯಲ್ಲಿಲ್ಲದಿದ್ದರೆ ಕೆಂಪು ಗೆರೆ. ಪೆಟ್ಟಿಗೆಯಲ್ಲಿರುವುದು ಪಟ್ಟಿಯಲ್ಲಿಲ್ಲದಿದ್ದರೂ ಕೆಂಪು ಗೆರೆ. ಸೆಪ್ಟೆಂಬರ್ ದಾಳಿಯ ನಂತರ ವಿಮಾನಗಳೂ ಕಡಿಮೆಯಾದವು, ಪೆಟ್ಟಿಗೆಗಳೂ ಕಡಿಮೆಯಾದವು. ನವೆಂಬರಿನಲ್ಲಿ ಹನ್ನೊಂದು ಜನರನ್ನು ತೆಗೆದರು. ನಾನು ಏಳನೆಯವನು.

ದಿಲ್‌ಶಾದ್ ಬೆಳಿಗ್ಗೆ ಕೋಟು ಹಾಕಿಕೊಳ್ಳುತ್ತ ಹೇಳಿದಳು:

"ಏನ್ರೀ, ಹಗಲೆಲ್ಲ ಆ ರಷ್ಯಾದವರ ಹಿಮದಾಗ ಕುಂತು ಏನ್ ಮಾಡ್ತೀರಿ? ಹಿಮ ಇಲ್ಲೇ ಹೊರಗ ಬೇಕಾದಷ್ಟು ಬಿದ್ದೈತಿ. ನಮ್ಮ ಹೋಮ್‌ನಾಗ ಒಬ್ಬ ಅಜ್ಜ ಅದಾನ, ಸಿನೆಮಾದಾವ. ಅವನ ಪಿಕ್ಚರ್‌ಗಳ ಪಟ್ಟಿ ಬರದುಕೊಡ್ರಿ. ನಿಮಗ ಮನಷ್ಯಾರಕಿಂತ ಪಟ್ಟಿ ಮ್ಯಾಲ ಪ್ರೀತಿ."

ಅವಳದು ಗದಗ. ನನ್ನದು ಚನ್ನಪಟ್ಟಣ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವಳ ಮಾತು ಚನ್ನಪಟ್ಟಣಕ್ಕೂ ಬಗ್ಗಲಿಲ್ಲ, ಷಿಕಾಗೋಗೂ ಬಗ್ಗಲಿಲ್ಲ. ಡೆಸ್ ಪ್ಲೇನ್ಸ್‌ನ ವೃದ್ಧರ ಹೋಮ್ ಒಂದರಲ್ಲಿ ಸಹಾಯಕಿ.

ವಿಷಯ ಇಷ್ಟು. ವುಡ್‌ರಿಡ್ಜ್‌ನಲ್ಲಿರುವ ನಮ್ಮ ಪರಿಚಯದ ಇಂದು ಎಂಬವರ ಮಗಳು ಅನಿಕಾ ಡೆಟ್ರಾಯಿಟ್‌ನಲ್ಲಿ ಓದುತ್ತಾಳೆ. ಅಲ್ಲಿನ ಹೊರವಲಯದ ಒಂದು ಹಳೆಯ ಚಿತ್ರಮಂದಿರದಲ್ಲಿ ಅರೆಕಾಲಿಕ ಕೆಲಸ. ಮೇ ತಿಂಗಳಲ್ಲಿ ಅಲ್ಲಿ ಕೌಬಾಯ್ ಚಿತ್ರಗಳ ವಾರ. ದಿನಕ್ಕೊಂದು ಚಿತ್ರ, ಅದರಲ್ಲಿದ್ದ ಒಬ್ಬ ಹಳೆಯ ನಟನಿಗೆ ವೇದಿಕೆಯ ಮೇಲೆ ಸನ್ಮಾನ. ದಿಲ್‌ಶಾದ್ ಹೇಳಿದ ಅಜ್ಜನ ಹೆಸರೂ ಸೇರಿದೆ. ನಟನ ಚಿತ್ರಗಳ ಪಟ್ಟಿಯನ್ನು ಯಾರಾದರೂ ನೋಡಿ ದೃಢಪಡಿಸಬೇಕು.

ಹೋಗುತ್ತೇನೆ ಎಂದೆ. ಕೆಲಸ ಹೋದಾಗಿನಿಂದ ಹಿಡಿದ ರಷ್ಯನ್ ಕಾದಂಬರಿಯಲ್ಲಿ ಇವತ್ತು ಓದಿದ್ದು ೭೧ ಪುಟ.

೧೭ ಜನವರಿ, ಗುರುವಾರ

ಹೆಸರು ವೆಂಡೆಲ್ ಕ್ರೌಸ್. ವಯಸ್ಸು ಎಂಬತ್ತನಾಲ್ಕು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಅಂಚು ಸವೆದ ಕಂದು ಟೋಪಿ. ಅದಿಲ್ಲದೆ ತಿಂಡಿಗೂ ಹೋಗುವುದಿಲ್ಲವಂತೆ. ದಿಲ್‌ಶಾದ್ ಅವರನ್ನು "ಟೊಪ್ಪಿಗಿ ಅಜ್ಜ" ಎನ್ನುತ್ತಾಳೆ.

ನನ್ನ ಹೆಸರು ಷರೀಫ್ ಎಂದಾಗ ಕೆಮ್ಮು ಬರುವಷ್ಟು ನಕ್ಕರು. "ಜೀವಮಾನವೆಲ್ಲ ಪರದೆಯ ಮೇಲೆ ಷೆರಿಫ್‌ಗಳ ಕೈಯಲ್ಲಿ ಸತ್ತೆ. ಕೊನೆಗೆ ಒಬ್ಬನನ್ನು ಕೋಣೆಗೇ ಕಳಿಸಿದರಲ್ಲ!"

ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅವರು ನನ್ನನ್ನು ಕರೆಯುವ "ಯೂ"ವನ್ನು ಏನೆನ್ನಬೇಕೆಂಬುದು ಸಣ್ಣ ಸಮಸ್ಯೆ. ಸದ್ಯಕ್ಕೆ "ನೀವು".

ಷಿಕಾಗೋದ ಕಸಾಯಿಖಾನೆಗಳ ಬೀದಿಯಲ್ಲಿ ಹುಟ್ಟಿದವರು. ತಂದೆ ಅಲ್ಲೇ ಚಾಕು ಹಿಡಿದು ದುಡಿದವರು. ಇಪ್ಪತ್ತೆಂಟು ವರ್ಷದವರೆಗೆ ಇವರು ನೋಡಿದ್ದು ಐಸ್ ಗಾಡಿಯ ಕುದುರೆ ಮಾತ್ರ. ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಇಪ್ಪತ್ತನಾಲ್ಕು ವರ್ಷದಲ್ಲಿ ನೂರಾ ಹದಿನೆಂಟು ಚಿತ್ರ. ಸತ್ತದ್ದು ಎಂಬತ್ತಮೂರರಲ್ಲಿ.

"ಉಳಿದ ಮೂವತ್ತೈದರಲ್ಲಿ?" ಎಂದು ಕೇಳಿದೆ.

"ಓಡಿಹೋದೆ."

ಸಾಯುವುದಕ್ಕೂ ಕ್ರಮವಿದೆ. ಮುಖ ತೋಳಿನೊಳಗೆ ಸೇರುವ ಹಾಗೆ ಬೀಳಬೇಕು. ಹಾಗೆ ಬಿದ್ದರೆ ಬಿಸಿಲಿಗೆ ರೆಪ್ಪೆ ಅದುರಿದರೂ ಕಾಣುವುದಿಲ್ಲ. "ಉಳಿದ ಹೆಣಗಳು ಊಟಕ್ಕೆ ಎದ್ದು ಹೋಗುತ್ತಿದ್ದವು. ನಾನು ಬಿದ್ದೇ ಇರುತ್ತಿದ್ದೆ. ಮುಂದಿನ ಶಾಟ್‌ಗೆ ಜಾಗ ತಪ್ಪಬಾರದಲ್ಲ."

ಮೈಸೂರಿನಲ್ಲಿ ಬಿ.ಎ. ಓದುವಾಗ ಭಾನುವಾರದ ಬೆಳಗಿನ ಆಟಕ್ಕೆ ಇಂಥ ಚಿತ್ರಗಳು ಬರುತ್ತಿದ್ದವು. ಇಂಗ್ಲಿಷ್ ನಮ್ಮ ಕಿವಿಗೆ ನಿಲುಕುತ್ತಿರಲಿಲ್ಲ. ಗೆಳೆಯ ವೆಂಕಟರಾಮು ಮುಖ ನೋಡಿಯೇ ತೀರ್ಪು ಕೊಡುತ್ತಿದ್ದ: "ಇವನು ಇಂಟರ್ವಲ್ ದಾಟಲ್ಲ ಕಣೋ." ಆ ಮುಖಗಳಲ್ಲಿ ಇದೂ ಒಂದಿರಬೇಕು. ಖಚಿತವಾಗಿ ಹೇಳಲಾರೆ.

ಓದಿದ್ದು ೫೮ ಪುಟ.

೨೯ ಜನವರಿ, ಮಂಗಳವಾರ

ಲೈಬ್ರರಿಯಿಂದ ಆರು ಟೇಪ್ ತಂದೆ. ಒಂದರಲ್ಲಿ ಕ್ರೌಸ್ ಹನ್ನೆರಡನೇ ನಿಮಿಷಕ್ಕೆ ಬಂದು ಹದಿನಾಲ್ಕಕ್ಕೆ ಸತ್ತರು. ಟಿಕ್ ಹಾಕಿದೆ.

ಡೆಟ್ರಾಯಿಟ್‌ನಲ್ಲಿ ತೋರಿಸಲು ಅವರೇ ಆರಿಸಿದ ಚಿತ್ರ "ದಿ ಸಾಲ್ಟ್ ವೆಲ್". ೧೯೫೬ರದು. "ನನ್ನ ಒಳ್ಳೆಯ ಕೆಲಸ ಅಂತ ಇರುವುದು ಅದೊಂದೇ. ಬಾವಿ ಕಾಯುವ ಮುದುಕನ ಪಾತ್ರ. ಆಗ ನನಗೆ ಮೂವತ್ತೆಂಟು. ನಾಯಕ ಸಂಜೆ ಹೊತ್ತು ನೀರಿಗೆ ಬರುತ್ತಾನೆ. ಮಾತಾಡುತ್ತೇವೆ. ನನಗೆ ಯಾರೂ ಗುಂಡು ಹೊಡೆಯುವುದಿಲ್ಲ." ಅದರ ಟೇಪ್ ಎಲ್ಲೂ ಇಲ್ಲ. ಅನಿಕಾ ಕಳಿಸುತ್ತಾಳಂತೆ.

೨೩ ಫೆಬ್ರವರಿ, ಶನಿವಾರ

ಬಕ್ರೀದ್. ನಮಾಜಿನ ನಂತರ ದಿಲ್‌ಶಾದ್ ಡಬ್ಬಿಯಲ್ಲಿ ಬಿರಿಯಾನಿ ತುಂಬಿ ಟೊಪ್ಪಿಗಿ ಅಜ್ಜನಿಗೆ ಒಯ್ದಳು, ನಾನೂ ಜೊತೆಗೆ ಹೋದೆ. ಅವರಿಗೆ ಉಪ್ಪು ವರ್ಜ್ಯ. ಅವಳೇ ಉಪ್ಪಿಲ್ಲದೆ ಬೇರೆ ಮಾಡಿದ್ದಳು. ಎರಡು ತುತ್ತು ತಿಂದು, "ಇದಕ್ಕೆ ಉಪ್ಪಿದ್ದಿದ್ದರೆ ನಾನು ಸಾಯಲೂ ಸಿದ್ಧ. ಅಭ್ಯಾಸವಿದೆ" ಎಂದರು.

ವಾಪಸು ಬರುವಾಗ ಕಾರಿನಲ್ಲಿ ಅವಳು ಹೇಳಿದಳು: ಅಜ್ಜನ ಎದೆಯಲ್ಲಿ ಮತ್ತೆ ನೀರು ತುಂಬುತ್ತಿದೆ. ಮೇ ತಿಂಗಳವರೆಗೆ ಉಳಿಯುತ್ತಾರೆಂದು ಹೇಳಲಾಗದು ಎಂದು ಡಾಕ್ಟರು ಅಂದಿದ್ದಾರೆ. "ಆ ಡೆಟ್ರಾಯಿಟ್ ಸಲುವಾಗಿ ಅಂವಾ ಜೀವ ಹಿಡದಾನ್ರಿ. ದಿನಾ ಕ್ಯಾಲೆಂಡರ್ ಮ್ಯಾಲ ಗೀಟು ಹಾಕತಾನ." ಇನ್ನೂ ಏನೋ ಹೇಳುತ್ತಿದ್ದಳು. ಅವಳು ಡ್ರೈವ್ ಮಾಡುವಾಗ ಓದುವುದು ನನ್ನ ಅಭ್ಯಾಸ. ಅಧ್ಯಾಯ ಮುಗಿಯುವುದರಲ್ಲಿತ್ತು.

ಓದಿದ್ದು ೪೦ ಪುಟ.

೧೧ ಮಾರ್ಚ್, ಸೋಮವಾರ

ಟೇಪ್ ಬಂತು. ಮೂರು ಸಲ ನೋಡಿದೆ. ಐವತ್ತೊಂದನೇ ನಿಮಿಷದಲ್ಲಿ ನಾಯಕ ಬಾವಿಯ ಬಳಿ ಬರುತ್ತಾನೆ. ನೀರು ಕುಡಿಯುತ್ತಾನೆ. ಮುಂದೆ ಎರಡೂವರೆ ನಿಮಿಷ ಅವನ ಮುಖ ಮಾತ್ರ, ಮಧ್ಯೆ ಎರಡು ಸಲ ಕಲ್ಲಿಟ್ಟ ಒಂದು ಗೋರಿ. ಅವನು ಗೋರಿಯ ಜೊತೆ ಮಾತಾಡುತ್ತಿದ್ದಾನೆ. ಒಟ್ಟು ಮೂರು ವಾಕ್ಯ: "ಹೆಸರು ಕೇಳಿದರೆ ನೀರು ಕಹಿಯಾಗುತ್ತದೆ." "ಅವನು ಈಗ ಎಲ್ಲಿದ್ದಾನೆ?" "ನೋಡಿದೆ." ಉಳಿದದ್ದು ವಾದ್ಯ. ಸಂಭಾಷಣೆ ಅಸ್ಪಷ್ಟ, ಒಂದಕ್ಕೊಂದು ಸಂಬಂಧವಿಲ್ಲ. ಕೆಟ್ಟ ಅನುವಾದ ಓದಿದಂತಾಯಿತು.

ಬಾವಿ ಕಾಯುವ ಮುದುಕ ಇಲ್ಲ. ಕೊನೆಯ ಹೆಸರುಗಳಲ್ಲೂ ಕ್ರೌಸ್ ಇಲ್ಲ. ಇಡೀ ಚಿತ್ರದಲ್ಲಿ ಎಲ್ಲೂ ಇಲ್ಲ.

೧೨ ಮಾರ್ಚ್, ಮಂಗಳವಾರ

ವ್ಯತ್ಯಾಸ ಕಂಡರೆ ತಡಮಾಡದೆ ಮೇಲಿನವರಿಗೆ ತಿಳಿಸಬೇಕು. ಸರಕು ಕಳಿಸಿದವರನ್ನು ವಿಚಾರಿಸುವುದು ತಪಾಸಕನ ಕೆಲಸವಲ್ಲ. ಇದು ಕಚೇರಿಯ ಮೊದಲ ನಿಯಮ. ಬೆಳಿಗ್ಗೆ ಲೈಬ್ರರಿಗೆ ಹೋಗಿ ಅನಿಕಾಗೆ ಫ್ಯಾಕ್ಸ್ ಮಾಡಿದೆ. ಟೇಪ್ ಮತ್ತು ಲೈಬ್ರರಿಯ ಚಿತ್ರಸೂಚಿಗಳ ಪ್ರಕಾರ ನೂರಾ ಹದಿನೆಂಟರಲ್ಲಿ ನೂರಾ ಒಂಬತ್ತು ದೃಢ, ಎಂಟು ಅಲಭ್ಯ. "ದಿ ಸಾಲ್ಟ್ ವೆಲ್": ಶ್ರೀ ಕ್ರೌಸ್ ಈ ಚಿತ್ರದಲ್ಲಿ ಇಲ್ಲ.

ಸಂಜೆ ನಿಶ್ಚಿಂತೆಯಿಂದ ಓದಿದೆ. ೮೩ ಪುಟ.

೧೫ ಮಾರ್ಚ್, ಶುಕ್ರವಾರ

ಅನಿಕಾಳ ಫೋನ್.

"ಅಂಕಲ್, ಐ ಫೀಲ್ ಸೋ ಬ್ಯಾಡ್. ಥಿಯೇಟರ್ ಬೋರ್ಡ್‌ನವರು ಫ್ಯಾಕ್ಸ್ ನೋಡಿ ಅವರ ಹೆಸರು ತೆಗೆದುಬಿಟ್ರು. ಆ ಪಿಕ್ಚರ್‌ನಲ್ಲಿ ಇಲ್ದೇ ಇರೋರನ್ನ ಸ್ಟೇಜ್ ಮೇಲೆ ಹೇಗೆ ಕೂರಿಸೋದು ಅಂತಾರೆ. ಪ್ರಿಂಟ್ ಆಲ್ರೆಡಿ ಬುಕ್ ಆಗಿದೆ, ಬೇರೆ ಪಿಕ್ಚರ್ ಹಾಕೋಕಾಗಲ್ಲ."

"ಇರುವುದನ್ನು ಬರೆದೆ" ಎಂದೆ.

"ಐ ನೋ, ಅಂಕಲ್. ಅವರಿಗೆ ನೀವೇ ಹೇಳ್ತೀರಾ? ಪ್ಲೀಸ್? ನನಗೆ ಅಳು ಬರುತ್ತೆ."

೧೬ ಮಾರ್ಚ್, ಶನಿವಾರ

ಹೇಳಿದೆ. ಕ್ರೌಸ್ ಪೂರ್ತಿ ಕೇಳಿಸಿಕೊಂಡರು. "ನೀವು ಬರೆದದ್ದು ಸರಿಯಾಗಿಯೇ ಇದೆ" ಎಂದರು. ಟೋಪಿಯನ್ನು ಮೇಜಿನಿಂದ ತೆಗೆದು ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದರು.

ಮನೆಯಲ್ಲಿ ದಿಲ್‌ಶಾದ್ ಬಿಡಲಿಲ್ಲ. "ಅಂವಾ ಎಂಟು ಮೈಲಿ ದೂರದಾಗ ಕುಂತಾನ. ಒಂದು ಮಾತು ಕೇಳಾಕ ನಿಮಗ ಬಾಯಿ ಇರಲಿಲ್ಲೇನು? ಪೆಟಗಿ ಅಂತ ತಿಳದೀರೇನ್ರೀ ಅವನ್ನ?"

೧೯ ಮಾರ್ಚ್, ಮಂಗಳವಾರ

ಕ್ರೌಸ್ ಮೂರು ದಿನದಿಂದ ಊಟದ ಕೋಣೆಗೆ ಬಂದಿಲ್ಲವೆಂದು ದಿಲ್‌ಶಾದ್ ಹೇಳಿದಳು. ಕ್ಯಾಲೆಂಡರಿನಲ್ಲಿ ಗೀಟು ನಿಂತಿದೆ. ಪುಸ್ತಕ ತೆರೆದೆ. ೬ ಪುಟ.

೨೦ ಮಾರ್ಚ್, ಬುಧವಾರ

ಟೇಪ್ ವಾಪಸು ಕಳಿಸಬೇಕು. ಅದಕ್ಕೂ ಮುಂಚೆ ಇನ್ನೊಮ್ಮೆ ಹಾಕಿದೆ. ದಿಲ್‌ಶಾದ್ ಸೋಫಾದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಬಾವಿಯ ದೃಶ್ಯ ಬಂದಾಗ ಅವಳ ಕೈ ನಿಂತಿತು.

"ಈತ ಯಾರ ಜೋಡಿ ಮಾತಾಡಾಕತ್ಯಾನ?"

"ಗೋರಿ ಜೊತೆ."

"ಏ, ಅಲ್ರೀ. ಗೋರಿ ನೆಲದಾಗ ಇರತೈತಿ. ಗೋರಿ ನೋಡಾವ್ರು ಕೆಳಗ ನೋಡ್ತಾರ. ಈತನ ಕಣ್ಣು ನೋಡ್ರಿ, ಎಲ್ಲಿ ಅದಾವು? ಎದುರಿಗೆ ಕುಂತಾವನ ಮಾರಿ ಮಟ್ಟಕ್ಕ ಅದಾವು."

ಹಿಂದಕ್ಕೆ ತಿರುಗಿಸಿದೆ. ಸರಿ. ಕಣ್ಣು ಕ್ಯಾಮೆರಾದ ಎಡಕ್ಕೆ, ಕೂತ ಮನುಷ್ಯನ ಎತ್ತರಕ್ಕೆ ನೆಟ್ಟಿದ್ದವು. ಮಾತಿಲ್ಲದ ಜಾಗದಲ್ಲೂ ಹುಬ್ಬು ಒಮ್ಮೆ ಮೇಲೇರಿತು. ಒಮ್ಮೆ ಗಂಟಲು ಅಲುಗಿತು.

"ಅಂವಾ ಯಾರದೋ ಮಾತು ಕೇಳಾಕತ್ಯಾನ" ಎಂದಳು. "ಮನಷ್ಯಾ ಹಂಗ ನೋಡೋದು ಖರೇನ ಕೇಳೂ ಮುಂದ ಅಷ್ಟ. ನನಗ ಎಲ್ಲಿ ಗೊತ್ತಾಗಬೇಕು ಅಂತೀರೇನು? ಹೋಮ್‌ನಾಗ ನೋಡೇನ್ರಿ. ಮನಿಯಾಗ ನೋಡಿಲ್ಲ."

ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ದೃಶ್ಯವನ್ನು ಇನ್ನೂ ಒಂಬತ್ತು ಸಲ ನೋಡಿದೆ.

೨೧ ಮಾರ್ಚ್, ಗುರುವಾರ

ಬೆಳಿಗ್ಗೆಯೇ ಹೋದೆ. ಕೂತುಕೊಳ್ಳುವ ಮುಂಚೆಯೇ ಕೇಳಿದೆ: "ಕ್ಯಾಮೆರಾದ ಎಡಗಡೆ ಕೂತಿದ್ದವರು ಯಾರು?"

ಕ್ರೌಸ್ ಹಾಸಿಗೆಯಲ್ಲಿ ಎದ್ದು ಕೂತರು. "ಕುರ್ಚಿ ಎಳೆದುಕೋ" ಎಂದರು.

ಇಬ್ಬರು ಮಾತಾಡುವ ದೃಶ್ಯವನ್ನು ಎರಡು ಸಲ ತೆಗೆಯುತ್ತಾರೆ. ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ. ನಾಯಕನ ಮುಖ ತೆಗೆಯುವಾಗ ಸಣ್ಣ ನಟರು ಮನೆಗೆ ಹೋಗಬಹುದು. ಅವರ ಮಾತನ್ನು ಯಾರಾದರೂ ಕಾಗದ ನೋಡಿ ಓದುತ್ತಾರೆ. ಕ್ರೌಸ್ ಮನೆಗೆ ಹೋಗುತ್ತಿರಲಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಕೂತು ತಮ್ಮ ಮಾತನ್ನೆಲ್ಲ ಮತ್ತೆ ಮೊದಲಿನಷ್ಟೇ ಮನಸ್ಸಿಟ್ಟು ಹೇಳುತ್ತಿದ್ದರು. "ಎದುರಿಗೆ ಮನುಷ್ಯನಿದ್ದರೆ ನಾಯಕನ ಮುಖ ಬೇರೆಯಾಗುತ್ತದೆ. ನನ್ನನ್ನು ಮತ್ತೆ ಮತ್ತೆ ಕರೆಯುತ್ತಿದ್ದದ್ದು ಅದಕ್ಕೆ. ಸಾಯುವುದಕ್ಕಲ್ಲ. ಸಾಯುವವರು ಬೇಕಾದಷ್ಟಿದ್ದರು."

ಚಿತ್ರ ಉದ್ದವಾಯಿತೆಂದು ಅವರ ಮುಖವನ್ನೂ ದನಿಯನ್ನೂ ಕತ್ತರಿಸಿದರು. ಆ ಜಾಗದಲ್ಲಿ ಗೋರಿ ಬಂತು.

"ನಿಮಗೆ ಗೊತ್ತಿತ್ತೇ?"

"ಇಲ್ಲೇ ಷಿಕಾಗೋದಲ್ಲಿ ಅಮ್ಮನನ್ನು ಆ ಚಿತ್ರಕ್ಕೆ ಕರೆದುಕೊಂಡು ಹೋಗಿದ್ದೆ. ಅವಳು ಹೊಸ ಗೌನು ಹಾಕಿದ್ದಳು. ಬಾವಿ ಬಂತು, ನಾನು ಬರಲಿಲ್ಲ. ಎಲ್ಲಿದ್ದೀಯೋ ಅಂದಳು. ಅಮ್ಮಾ, ಅವನು ನೋಡುತ್ತಿರುವುದು ನನ್ನನ್ನೇ ಅಂದೆ. ಸಾಕು ಅನ್ನುವ ಹಾಗೆ ನನ್ನ ಕೈ ಹಿಡಿದುಕೊಂಡಳು. ನಂಬಿದವಳು ಅವಳೊಬ್ಬಳೇ. ಈಗ ನೀನು."

"ನಾನಲ್ಲ. ಕಂಡುಹಿಡಿದದ್ದು ನನ್ನ ಹೆಂಡತಿ."

"ಹಾಗಾದರೆ ಅವಳು" ಎಂದರು.

ಕಪಾಟಿನಲ್ಲಿ, ಟೋಪಿಯ ಕೆಳಗೆ ಒಂದು ಲಕೋಟೆ. ಒಳಗೆ ಮಾಸಿದ ನೀಲಿ ಕಾಗದದ ಎರಡು ಹಾಳೆ. ಆ ದಿನದ ಚಿತ್ರೀಕರಣಕ್ಕೆ ಟೈಪ್ ಮಾಡಿ ಕೊಟ್ಟ ಮಾತುಗಳು. ತಾರೀಖು, ದೃಶ್ಯದ ಸಂಖ್ಯೆ, ಅವರ ಹೆಸರು ಎಲ್ಲ ಇವೆ. ಅಲ್ಲೇ ನಕಲು ಮಾಡಿಕೊಂಡೆ, ಮೊದಲ ಮಾತು ಮುದುಕನದು:

"ನೀರು ಕುಡಿದೆ. ಹೆಸರು ಹೇಳಲಿಲ್ಲ."
"ಹೆಸರು ಕೇಳಿದರೆ ನೀರು ಕಹಿಯಾಗುತ್ತದೆ."
"ನನ್ನ ಮಗನೂ ಹೀಗೇ ಮಾತಾಡುತ್ತಿದ್ದ. ನಿನ್ನ ಹಾಗೇ ಬಂದೂಕು ಕಟ್ಟಿಕೊಂಡು ಹೋದ."
"ಅವನು ಈಗ ಎಲ್ಲಿದ್ದಾನೆ?"
"ನೀನು ಬಂದ ದಾರಿಯಲ್ಲೇ. ಮೇಲೆ ಕಲ್ಲು ಇಟ್ಟಿದ್ದಾರಂತೆ. ನೋಡಿದೆಯಾ?"
"ನೋಡಿದೆ."
"ಹಾಗಾದರೆ ಹೋಗಬೇಡ. ಕೂತುಕೋ."

ಮೂರು ವಾಕ್ಯಗಳಿಗೂ ಅರ್ಥ ಬಂತು. ಚಿತ್ರದ ಮೊದಲಲ್ಲಿ ನಾಯಕ ಕೊಂದ ಹುಡುಗನೇ ಆ ಮಗ, ಕೊಂದವನು ಎದುರಿಗೆ ನಿಂತಿದ್ದಾನೆ. ಮುದುಕನಿಗೆ ಅದು ಗೊತ್ತು.

ಮಧ್ಯಾಹ್ನ ಎರಡನೇ ಫ್ಯಾಕ್ಸ್. ಮೂರು ಪುಟ. ಮೊದಲ ವಾಕ್ಯ: ಹನ್ನೆರಡನೇ ತಾರೀಖಿನ ನನ್ನ ವರದಿ ತಪ್ಪು. ಹದಿನೇಳು ವರ್ಷದಲ್ಲಿ ಈ ವಾಕ್ಯ ಬರೆದಿರಲಿಲ್ಲ.

೬ ಏಪ್ರಿಲ್, ಶನಿವಾರ

ಅನಿಕಾ: "ಅಂಕಲ್! ಬೋರ್ಡ್ ಒಪ್ತು! ಆದ್ರೆ ಅವರಿಗೆ ಒಂದು ಡೌಟು. ಜನಕ್ಕೆ ಸ್ಕ್ರೀನ್ ಮೇಲೆ ಏನೂ ಕಾಣಿಸಲ್ವಲ್ಲ, ಹೇಗೆ ತೋರಿಸೋದು?"

ಪ್ರಶ್ನೆಯನ್ನು ಪಕ್ಕದಲ್ಲಿದ್ದವಳಿಗೆ ಹೇಳಿದೆ. ದಿಲ್‌ಶಾದ್ ಫೋನ್ ಕಸಿದುಕೊಂಡಳು. "ಏ ಅನಿಕಾ, ಅಷ್ಟೂ ತಿಳೀಲಿಲ್ಲೇನವಾ? ಆವಾಗ ಎಲ್ಲಿ ಕುಂತಿದ್ದನೋ ಈಗೂ ಅಲ್ಲೇ ಕುಂದ್ರಸ್ರಿ. ಪರದೆ ಎಡಕ್ಕ ಒಂದು ಕುರ್ಚಿ ಹಾಕ್ರಿ. ಪಿಕ್ಚರ್ ದನಿ ಸಣ್ಣ ಮಾಡ್ರಿ. ಉಳದದ್ದು ಅಜ್ಜ ಹೇಳತಾನ."

ಆ ತುದಿಯಿಂದ ಕೇಳಿಸಿದ್ದು "ಓ ಮೈ ಗಾಡ್, ಆಂಟಿ" ಎಂದಷ್ಟೇ.

ಕ್ರೌಸ್ ತಿಂಡಿಗೆ ಟೋಪಿ ಹಾಕಿಕೊಂಡು ಬಂದರಂತೆ.

೨ ಮೇ, ಗುರುವಾರ

ದಿನವೂ ಅಭ್ಯಾಸ. ನಾನು ನಾಯಕನ ಮೂರು ವಾಕ್ಯ ಹೇಳಬೇಕು. ಮೊದಲ ವಾರ ಕಾಗದ ನೋಡಿ ಓದುತ್ತಿದ್ದೆ. ಕ್ರೌಸ್ ಸಿಟ್ಟಾದರು. "ನೀನು ನನಗೆ ಹೇಳುತ್ತಿಲ್ಲ, ಕಾಗದಕ್ಕೆ ಹೇಳುತ್ತಿದ್ದೀಯ. ಮುಖ ಎತ್ತು. ನಿನ್ನ ಮಾತು ಮೂರೇ. ಉಳಿದದ್ದು ನಾನು ಹೇಳುವುದನ್ನು ಕೇಳುವ ಕೆಲಸ. ಅದೇ ಕಷ್ಟ."

ಈಗ ಕಾಗದವಿಲ್ಲದೆ ಕೂರುತ್ತೇನೆ. ಅವರಿಗೆ ಉಸಿರು ಸಾಲುತ್ತಿಲ್ಲ. ಮೂಗಿಗೆ ಆಕ್ಸಿಜನ್ ನಳಿಕೆ. ಕೊನೆಯ ವಾಕ್ಯ ಕೆಲವೊಮ್ಮೆ ಮರೆಯುತ್ತಾರೆ. ಡೆಟ್ರಾಯಿಟ್‌ನಲ್ಲಿ ನಾನು ಅವರ ಕುರ್ಚಿಯ ಹಿಂದೆ ಕೂತು, ಮರೆತರೆ ಮೆಲ್ಲಗೆ ಹೇಳಿಕೊಡುವುದೆಂದು ಒಪ್ಪಂದ.

ಓದಿದ್ದು ೧೧ ಪುಟ. ಯಾವುದೆಂದು ನೆನಪಿಲ್ಲ.

೧೮ ಮೇ, ಶನಿವಾರ. ಡೆಟ್ರಾಯಿಟ್

ಡಾಕ್ಟರು ಕಾಗದದ ಮೇಲೆ ಬರೆಸಿಕೊಂಡು ಪ್ರಯಾಣಕ್ಕೆ ಒಪ್ಪಿದರು. ಐ-೯೪ ಹೆದ್ದಾರಿಯಲ್ಲಿ ಇನ್ನೂರ ತೊಂಬತ್ತು ಮೈಲಿ. ದಿಲ್‌ಶಾದ್ ಡ್ರೈವ್ ಮಾಡಿದಳು. ಹಿಂದಿನ ಸೀಟಿನಲ್ಲಿ ಕ್ರೌಸ್, ಸಿಲಿಂಡರ್, ಟೋಪಿ. ನಾಲ್ಕು ಸಲ ನಿಲ್ಲಿಸಿದೆವು.

ಮಂದಿರದಲ್ಲಿ ನೂರ ನಲವತ್ತು ಜನ ಇರಬಹುದು. ಕುರ್ಚಿಯನ್ನು ಪರದೆಯ ಬಲಕ್ಕೆ ಹಾಕಿದ್ದರು. ದಿಲ್‌ಶಾದ್ ಹೋಗಿ ತಾನೇ ಎಳೆದು ಎಡಕ್ಕೆ ಇಟ್ಟಳು.

ಐವತ್ತೊಂದನೇ ನಿಮಿಷ. ದನಿ ತಗ್ಗಿತು. ನಾಯಕ ನೀರು ಕುಡಿದು ಮುಖವೆತ್ತಿದ. ಎರಡಾಳು ಎತ್ತರದ ಮುಖ ನೇರವಾಗಿ ಕುರ್ಚಿಯ ಕಡೆಗೆ ನೋಡಿತು. ಸಭೆಯಲ್ಲಿ ಯಾರೋ "ಅಃ" ಎಂದರು. ಇನ್ನೂ ಮಾತು ಶುರುವಾಗಿರಲಿಲ್ಲ.

ಕ್ರೌಸ್ ಮೈಕು ಬೇಡವೆಂದಿದ್ದರು. ಆದರೂ ಕೇಳಿಸಿತು. "ನೀರು ಕುಡಿದೆ. ಹೆಸರು ಹೇಳಲಿಲ್ಲ." ಪರದೆ ಉತ್ತರ ಕೊಟ್ಟಿತು. ಮಗನ ಮಾತಿಗೆ ನಾಯಕನ ಗಂಟಲು ಅಲುಗಿತು. ಕಲ್ಲಿನ ಮಾತಿಗೆ ಹುಬ್ಬು ಏರಿತು. ಗೋರಿ ಬಂದಾಗ ಜನ ಗೋರಿಯನ್ನು ನೋಡಲಿಲ್ಲ. ಕುರ್ಚಿಯನ್ನು ನೋಡುತ್ತಿದ್ದರು.

"ನೋಡಿದೆ" ಎಂದ ನಾಯಕ.

ಕ್ರೌಸ್ ಸುಮ್ಮನಿದ್ದರು. ಚಿತ್ರದಲ್ಲಿ ಇಲ್ಲಿ ಹನ್ನೊಂದು ಸೆಕೆಂಡ್ ಮುಖವಿದೆ. ಟೇಪಿನಲ್ಲಿ ಎಣಿಸಿದ್ದೇನೆ. ನಾಲ್ಕಾಯಿತು. ಆರಾಯಿತು. ನಾನು ಹೇಳಿಕೊಡಬೇಕಿತ್ತು. ವಾಕ್ಯ ನನ್ನ ನಾಲಿಗೆಯ ಮೇಲಿತ್ತು. ಬಗ್ಗಿ ಅವರ ಮುಖ ನೋಡಿದೆ. ಮರೆತವರ ಮುಖ ಹಾಗಿರುವುದಿಲ್ಲ. ಎದುರಿನವನಿಗೆ ಕಿವಿಗೊಟ್ಟಿದ್ದರು. ನಲವತ್ತಾರು ವರ್ಷದ ಮೇಲೆ ಅವನು ಅವರನ್ನೇ ನೋಡುತ್ತಿದ್ದ, ಅವರು ಅವನನ್ನು. ನಾನು ಬಾಯಿ ಬಿಡಲಿಲ್ಲ.

ಹತ್ತನೆಯ ಸೆಕೆಂಡಿಗೆ ಹೇಳಿದರು: "ಹಾಗಾದರೆ ಹೋಗಬೇಡ. ಕೂತುಕೋ."

ಪರದೆಯ ಮೇಲೆ ನಾಯಕ ಕೂತುಕೊಂಡ.

ಜನ ಎದ್ದು ನಿಂತದ್ದು, ಫಲಕ ಕೊಟ್ಟದ್ದು, ಅನಿಕಾ ಅತ್ತದ್ದು ಎಲ್ಲ ಆಯಿತು. ವೇದಿಕೆಯಿಂದ ಇಳಿಸುವಾಗ ಕ್ರೌಸ್ ನನ್ನ ತೋಳು ಹಿಡಿದರು. "ಯಾಕೋ ಹೇಳಿಕೊಡಲಿಲ್ಲ? ನಾನು ನಿಜವಾಗಿ ಮರೆತಿದ್ದರೆ?"

"ಮರೆತಿರಲಿಲ್ಲ."

"ನಿನಗೆ ಹೇಗೆ ಗೊತ್ತು?"

"ನೋಡುತ್ತಿದ್ದೆ."

೧೯ ಮೇ, ಭಾನುವಾರ

ವಾಪಸು ಬಂದೆವು. ಕ್ರೌಸ್ ದಾರಿಯುದ್ದಕ್ಕೂ ನಿದ್ದೆ, ಮುಖದ ಮೇಲೆ ಟೋಪಿ. ಕಲಮಜೂ ಊರು ದಾಟಿದ ಮೇಲೆ ದಿಲ್‌ಶಾದ್ ತನ್ನ ತಾಯಿಯ ವಿಷಯ ತೆಗೆದಳು. ಗದಗದ ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು. ತಾಯಿ ಊರವರಿಗೆಲ್ಲ ರವಿಕೆ ಹೊಲಿಯುತ್ತಿದ್ದರು. ಹಬ್ಬಕ್ಕೆ ಮಕ್ಕಳ ಬಟ್ಟೆ ಮಾತ್ರ ಯಾವಾಗಲೂ ಕೊನೆಗೆ. ಒಂದು ವರ್ಷ ಅವಳ ಲಂಗಕ್ಕೆ ಒಂದೇ ಬದಿ ಅಂಚು ಬಂತು. ಇಡೀ ದಿನ ಆ ಬದಿಯನ್ನೇ ಜನರಿಗೆ ತೋರಿಸುತ್ತ ನಡೆದಳಂತೆ. ಈ ಕಥೆಯನ್ನು ಅವಳು ಮೊದಲೂ ಹೇಳಿರಬಹುದು. ನಾನು ಕೇಳಿದ್ದು ಇದೇ ಮೊದಲು.

ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಕೇಳಾಕತ್ತೀರೇನ್ರೀ, ಇಲ್ಲಾ ನಾ ಒಬ್ಬಾಕೇನ ಒದರಾಕತ್ತೇನೋ?"

"ಕೇಳ್ತಿದೀನಿ. ರೋಡ್ ನೋಡು. ಆಮೇಲೆ? ಇನ್ನೊಂದು ಬದಿ ಯಾರಿಗೂ ಕಾಣಿಸಲಿಲ್ವಾ?"

ಹಿಂದಿನ ಸೀಟಿನಿಂದ, ಟೋಪಿಯ ಕೆಳಗಿನಿಂದ ಒಂದು ಕೆಮ್ಮು ಬಂತು. ನಗುವೂ ಇರಬಹುದು.

ಮನೆಗೆ ಬಂದು ಚೀಲ ಬಿಚ್ಚಿದೆ. ಪುಸ್ತಕ ಇಲ್ಲ. ಆ ಕುರ್ಚಿಯ ಹಿಂದೆ ನೆಲದ ಮೇಲೆ ಇಟ್ಟಿದ್ದೆ, ಅಲ್ಲೇ ಉಳಿದಿರಬೇಕು. ಅನಿಕಾಗೆ ಫೋನ್ ಮಾಡಿ ಅಂಚೆಯಲ್ಲಿ ಕಳಿಸಲು ಹೇಳಬೇಕು.

ಅವಸರವಿಲ್ಲ.